ಎಚ್‌ಡಿ ಪ್ರಾಜೆಕ್ಟ್ ತೆರೆದರೆ ಅಷ್ಟೊಂದು ಅಂಕಿ ಯಾಕೆ?

ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಪ್ರಶ್ನೆಗಳ ಸುರಿಮಳೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ, 23.976 ಬೇಕಾ, 24 ಬೇಕಾ, 25, 29.97, 30? 1080ಐ ಅಥವಾ 1080ಪಿ? ಪಿಕ್ಸೆಲ್ ಚೌಕವಾ, ಅಗಲವಾ? ಯಾವ ಫೀಲ್ಡ್ ಮೊದಲು, ಮೇಲಿನದಾ ಕೆಳಗಿನದಾ? ಹೊಸಬರು ಸುಮ್ನೆ ಓಕೆ ಒತ್ತಿ ಮುಂದೆ ಹೋಗುತ್ತಾರೆ. ಆ ಓಕೆಯ ಫಲ ಗೊತ್ತಾಗುವುದು ಎಕ್ಸ್‌ಪೋರ್ಟ್ ಆದ ಮೇಲೆ.

ಈ ಆಯ್ಕೆಗಳನ್ನು ಯಾರೂ ಒಂದೇ ದಿನ ಕೂತು ಯೋಚಿಸಿ ಇಟ್ಟದ್ದಲ್ಲ. ಒಂದೊಂದರ ಹಿಂದೆ ಒಂದೊಂದು ಕಾಲದ ಕಷ್ಟ ಇದೆ. ಕೆಲವು ಇವತ್ತಿಗೂ ಲೆಕ್ಕಕ್ಕೆ ಬರುತ್ತವೆ, ಕೆಲವು ಬರೀ ಹಳೇ ಸಾಮಾನು.

25ರಿಂದ ಶುರು ಮಾಡೋಣ. ಅದು ನಮ್ಮ ಅಂಕಿ, ಬಂದಿದ್ದು ಕರೆಂಟಿನಿಂದ. ಭಾರತದಲ್ಲಿ, ಯೂರೋಪಿನಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಅಮೆರಿಕದಲ್ಲಿ 60. ಹಳೆಯ ಟಿವಿಗಳಲ್ಲಿ ಚಿತ್ರದ ವೇಗ ಕರೆಂಟಿನ ವೇಗಕ್ಕೆ ಹೊಂದದಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿ ತೇಲುತ್ತಿತ್ತು. ಹಾಗಾಗಿ ಸೆಕೆಂಡಿಗೆ 50 ಅರ್ಧ ಚಿತ್ರ ಕಳಿಸಿದರು. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಎರಡು ಅರ್ಧ ಸೇರಿ ಒಂದು ಫ್ರೇಮ್, ಒಟ್ಟು 25. ಈ ಅರ್ಧ ಚಿತ್ರವೇ ಫೀಲ್ಡ್. 1080ಐ ಅನ್ನುವಲ್ಲಿ ಇರುವ ಐ ಇದೇ ಇಂಟರ್‌ಲೇಸ್. ಪಿ ಅಂದರೆ ಪ್ರೊಗ್ರೆಸಿವ್, ಫೀಲ್ಡ್ ಇಲ್ಲದೆ ಇಡೀ ಚಿತ್ರ ಒಂದೇ ಸಲಕ್ಕೆ. 1982ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂದಾಗ ನಾವು ಹಿಡಿದದ್ದು ಪ್ಯಾಲ್ ಪದ್ಧತಿ. ಅಲ್ಲಿಯೂ 25 ಹಾಗೇ ಉಳಿಯಿತು.

ಅಮೆರಿಕದವರದು ಬೇರೆ ಕಥೆ. ಅವರಿಗೆ ಕಪ್ಪು-ಬಿಳುಪು ಕಾಲದಲ್ಲಿ ನೇರ 30 ಇತ್ತು. 1953ರಲ್ಲಿ ಬಣ್ಣ ಸೇರಿಸುವಾಗ ತೊಂದರೆಯಾಯಿತು. ಬಣ್ಣದ ಸಂಕೇತ, ಧ್ವನಿಯ ಸಂಕೇತ ಎರಡೂ ತಾಕಲಾಡಿ ಪರದೆಯಲ್ಲಿ ಚುಕ್ಕಿಗಳು ಕಾಣುವ ಹಾಗಾಯಿತು. ಧ್ವನಿಯನ್ನು ಮುಟ್ಟಿದರೆ ಜನರ ಮನೆಯ ಹಳೇ ಟಿವಿ ಕೈಕೊಡುತ್ತಿತ್ತು. ಅದಕ್ಕೆ ಚಿತ್ರವನ್ನೇ ಸಾವಿರಕ್ಕೆ ಒಂದು ಪಾಲಿನಷ್ಟು ನಿಧಾನ ಮಾಡಿದರು. 30 ಹೋಗಿ 29.97 ಆಯಿತು. ಈ ಚಿಲ್ಲರೆಯಿಂದ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಕೊಡುವ ಗಂಟೆ-ನಿಮಿಷದ ಅಂಕಿ) ಗಂಟೆಗೆ 108 ಫ್ರೇಮ್ ತಪ್ಪುತ್ತದೆ, ಅಂದರೆ ಮೂರೂವರೆ ಸೆಕೆಂಡಿಗಿಂತ ಜಾಸ್ತಿ. ಅದನ್ನು ಸರಿ ಮಾಡಲು, ಎಣಿಕೆಯಲ್ಲಿ ಕೆಲವು ಅಂಕಿ ಹಾರಿಸುವ ಡ್ರಾಪ್ ಫ್ರೇಮ್ ಅಂತ ಇನ್ನೊಂದು ಆಯ್ಕೆ ಬಂತು. ನಮ್ಮ 25ರ ಪ್ರಾಜೆಕ್ಟಿಗೆ ಇದರ ಗೊಡವೆಯೇ ಇಲ್ಲ.

ಡಿಜಿಟಲ್ ಎಚ್‌ಡಿ ಬಂದಾಗ ಈ ಕಂತೆಯನ್ನೆಲ್ಲ ಬಿಸಾಕಬಹುದಿತ್ತು. ಹೊಸ ಟಿವಿಗೆ ಕರೆಂಟಿನ ಹಂಗಿಲ್ಲ, ಬಣ್ಣ-ಧ್ವನಿ ಜಗಳವೂ ಇಲ್ಲ. ಆದರೆ ಚಾನೆಲ್‌ಗಳ ಬಳಿ ಹಳೇ ಟೇಪುಗಳ ರಾಶಿ ಇತ್ತು, ಹಳೇ ಯಂತ್ರಗಳಿದ್ದವು. ಹೀಗಾಗಿ 1920×1080 ಅನ್ನುವ ಚೌಕಟ್ಟನ್ನು ಲೋಕವೆಲ್ಲ ಒಪ್ಪಿಕೊಂಡಿತು, ಬಣ್ಣಕ್ಕೆ ರೆಕ್ 709 ಅನ್ನುವ ಒಂದೇ ನಿಯಮವನ್ನೂ ಒಪ್ಪಿಕೊಂಡಿತು, ಫ್ರೇಮ್ ರೇಟಿನಲ್ಲಿ ಮಾತ್ರ ಅವರವರದು ಅವರವರಿಗೆ. ನನ್ನ ಕೇಳಿದರೆ, ಕೈಗೆ ಬಂದ ಒಳ್ಳೇ ಅವಕಾಶವನ್ನು ಬಿಟ್ಟರು.

ಅಂದಹಾಗೆ, ಕೆಲವು ತಾಂತ್ರಿಕ ವರದಿಗಳಲ್ಲಿ ಎತ್ತರ 1088 ಅಂತ ಕಂಡರೆ ಗಾಬರಿ ಬೇಡ. ಎಂಪೆಗ್-2, ಎಚ್.264 ಅನ್ನುವ ವಿಡಿಯೊ ಹಿಂಡುವ ವಿಧಾನಗಳೆರಡೂ ಚಿತ್ರವನ್ನು 16×16 ಚೌಕಗಳಾಗಿ ಕತ್ತರಿಸುತ್ತವೆ. 1080 ಅನ್ನು 16 ಭಾಗಿಸುವುದಿಲ್ಲ. ಎಂಟು ಗೆರೆ ಸುಳ್ಳೇ ಸೇರಿಸಿ, ತೋರಿಸುವಾಗ ಕತ್ತರಿಸುತ್ತಾರೆ.

ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮ ಕಡೆಯ ಮಿಕ್ಸಿಂಗ್ ಸ್ಟುಡಿಯೊಗಳಿಗೆ ಎಚ್‌ಡಿ ತಲೆನೋವು ತಂದಿದ್ದು ಎಚ್‌ಡಿವಿ ಕಾಲದಲ್ಲಿ. 2003ರಲ್ಲಿ ಜೆವಿಸಿ, ಸೋನಿ, ಕ್ಯಾನನ್, ಶಾರ್ಪ್ ಸೇರಿ ಮಾಡಿದ ಪದ್ಧತಿ ಅದು. ಅದೇ ಪುಟ್ಟ ಮಿನಿ ಡಿವಿ ಕ್ಯಾಸೆಟ್ಟು, ಅದೇ ವೇಗ, ಸೆಕೆಂಡಿಗೆ ಅದೇ 25 ಮೆಗಾಬಿಟ್. ಒಳಗೆ ತುಂಬಬೇಕಾದ ಚಿತ್ರ ಮಾತ್ರ ಹಲವು ಪಟ್ಟು ದೊಡ್ಡದು. ಅದಕ್ಕೆ ಎರಡು ಉಪಾಯ ಮಾಡಿದರು.

ಒಂದು, 1920ರ ಬದಲು 1440 ಪಿಕ್ಸೆಲ್ ಮಾತ್ರ ಬರೆದು, ತೋರಿಸುವಾಗ ಅಡ್ಡಕ್ಕೆ ಎಳೆಯುವುದು. ಪಿಕ್ಸೆಲ್ ಆಸ್ಪೆಕ್ಟ್ 1.33 ಅನ್ನುವ ಆಯ್ಕೆ ಇದಕ್ಕೇ ಇರುವುದು. ಇದನ್ನು ಚೌಕ ಅಂತ ಕೊಟ್ಟರೆ ಮದುಮಕ್ಕಳು ಸಣಕಲಾಗಿ ಕಾಣುತ್ತಾರೆ.

ಇನ್ನೊಂದು, ಹನ್ನೆರಡು ಫ್ರೇಮುಗಳ ಗುಂಪಿನಲ್ಲಿ ಒಂದನ್ನಷ್ಟೇ ಪೂರ್ತಿ ಬರೆಯುವುದು. ಉಳಿದ ಹನ್ನೊಂದರಲ್ಲಿ ಬದಲಾದದ್ದಷ್ಟೇ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ: ಮೇಲೆ ಒಂದು ಸಲ ಬಾಕಿ, ಕೆಳಗೆ ಬರೀ ಕೊಟ್ಟದ್ದು-ಬಂದದ್ದು. ಮೇಲಿನ ಸಾಲು ಅಳಿಸಿಹೋದರೆ ಕೆಳಗಿನದಕ್ಕೆ ಅರ್ಥವಿಲ್ಲ. ಹಿಂದಿನ ಡಿವಿ ಟೇಪಿನಲ್ಲಿ ಒಂದು ಧೂಳಿನ ಕಣ ಕೂತರೆ ಒಂದು ಫ್ರೇಮಿನಲ್ಲಿ ನಾಲ್ಕು ಚೌಕ ಕೆಡುತ್ತಿದ್ದವು, ಅಷ್ಟೆ. ಎಚ್‌ಡಿವಿಯಲ್ಲಿ ಅದೇ ಕಣಕ್ಕೆ ಸುಮಾರು ಅರ್ಧ ಸೆಕೆಂಡು ಮಾಯ. ಗಟ್ಟಿಮೇಳ ಜೋರಾಗಿ ಮೊಳಗುತ್ತಿದೆ, ವರ ತಾಳಿ ಎತ್ತಿದ್ದಾನೆ, ಚಿತ್ರ ಗಕ್ಕನೆ ನಿಂತಿತು, ಓಲಗದ ಸದ್ದೂ ನಿಂತಿತು, ಮತ್ತೆ ನೋಡಿದರೆ ಅಕ್ಷತೆ ಆಗಲೇ ಗಾಳಿಯಲ್ಲಿದೆ. ಇದಕ್ಕೆ ಎಡಿಟರ್ ಏನು ಮಾಡಲಿಕ್ಕಾಗುತ್ತದೆ? ಎರಡನೇ ಕ್ಯಾಮೆರಾ ಇದ್ದರೆ ಬಚಾವ್, ಇಲ್ಲದಿದ್ದರೆ ಒಂದು ಫೋಟೊ ತುಂಬಿಸಬೇಕು.

ಕತ್ತರಿಸುವುದೂ ಸುಲಭವಿರಲಿಲ್ಲ. ಗುಂಪಿನ ನಡುವೆ ಕಟ್ ಹಾಕಿದರೆ ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಟೈಮ್‌ಲೈನ್ ತಡವರಿಸುತ್ತಿತ್ತು. ಅದಕ್ಕೆಂದೇ ಎಡಿಟಿಂಗ್‌ಗೆ ಬೇರೆ ಕೊಡೆಕ್‌ಗಳು, ಅಂದರೆ ವಿಡಿಯೊ ಹಿಂಡಿ ಬಿಚ್ಚುವ ವಿಧಾನಗಳು, ಬಂದವು. 2004ರಲ್ಲಿ ಅವಿಡ್‌ನ ಡಿಎನ್‌ಎಕ್ಸ್‌ಎಚ್‌ಡಿ, 2007ರಲ್ಲಿ ಆ್ಯಪಲ್‌ನ ಪ್ರೊರೆಸ್. ಇವುಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಆದರೆ ಜಾಗ ಬೇಕು. ಒಂದು ಗಂಟೆಯ ಎಚ್‌ಡಿವಿ ಸುಮಾರು 11 ಜಿಬಿ. ಅದನ್ನೇ 1920×1080, 25 ಫ್ರೇಮಿನ ಪ್ರೊರೆಸ್ 422ಗೆ ಬದಲಿಸಿದರೆ ಸುಮಾರು 55 ಜಿಬಿ. ಇವತ್ತು ಮೊಬೈಲಿನ ವಿಡಿಯೊ ಟೈಮ್‌ಲೈನ್‌ನಲ್ಲಿ ತಡವರಿಸುವುದಕ್ಕೂ ಬಹುಮಟ್ಟಿಗೆ ಇದೇ ಗುಂಪಿನ ಲೆಕ್ಕ ಕಾರಣ, ಕಂಪ್ಯೂಟರ್ ಹಳತಾದದ್ದೇ ಅಲ್ಲ. ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗಷ್ಟೇ ಒಂದು ಹಗುರ ನಕಲು, ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ.

ಫೀಲ್ಡ್ ಗೊಂದಲವೂ ಆ ಕಾಲದ್ದೇ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ಎಚ್‌ಡಿಯಲ್ಲಿ ಮೇಲಿನದು ಮೊದಲು. ಹಳೇ ಡಿವಿ ಪ್ರಾಜೆಕ್ಟಿನೊಳಗೆ ಎಚ್‌ಡಿ ಕ್ಲಿಪ್ ಹಾಕಿ ಇದನ್ನು ಸರಿಪಡಿಸದೆ ಬಿಟ್ಟರೆ ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗುತ್ತಾನೆ. ಕಂಪ್ಯೂಟರ್ ಪರದೆಯಲ್ಲಿ ಅದು ಸರಿಯಾಗಿ ಗೊತ್ತಾಗದು. ಗಿರಾಕಿಯ ಮನೆ ಟಿವಿಯಲ್ಲಿ ಎದ್ದು ಕಾಣುತ್ತದೆ.

ಆಮೇಲೆ ಸ್ಟಿಲ್ ಕ್ಯಾಮೆರಾಗಳು ವಿಡಿಯೊಗೆ ಇಳಿದವು. 2008ರ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ಹಿನ್ನೆಲೆ ಮಸುಕಾಗುವ ಆ ನೋಟಕ್ಕೆ ಎಲ್ಲರೂ ಮರುಳಾದರು. ಅದರಲ್ಲಿ ಒಂದು ಕೊರತೆ ಇತ್ತು: ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಮಾತ್ರ. 29.97 ಕೂಡ ಅಲ್ಲ, ನೇರ 30. ಅದನ್ನು 25ರ ಟೈಮ್‌ಲೈನ್‌ಗೆ ಹಾಕಿದರೆ ಪ್ರತಿ ಆರರಲ್ಲಿ ಒಂದು ಫ್ರೇಮ್ ಹಾರಿಹೋಗುತ್ತದೆ. ಕ್ಯಾಮೆರಾ ಪ್ಯಾನ್ ಮಾಡಿದ ಕಡೆಯಲ್ಲೆಲ್ಲ ಜಗ್ಗಿದ ಹಾಗೆ ಕಾಣುತ್ತದೆ. ಜೊತೆಗೆ ನಮ್ಮ ಛತ್ರಗಳ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು, ಬೆಳಕು ಸಮ. 1/60 ಇಟ್ಟರೆ ಆ ಲೆಕ್ಕ ತಪ್ಪಿ ಚಿತ್ರ ಅದುರುತ್ತದೆ. 24, 25 ಫ್ರೇಮುಗಳ ಸೌಲಭ್ಯ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಮೂಲಕ ಬಂದಿದ್ದು 2010ರ ಮಾರ್ಚ್‌ನಲ್ಲಿ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಈಗಿನ ಮೊಬೈಲುಗಳೂ ಸಾಮಾನ್ಯವಾಗಿ 30ರಲ್ಲೇ ತೆಗೆಯುತ್ತವೆ, ಅದೂ ವೇಗ ಹೆಚ್ಚುಕಮ್ಮಿ ಮಾಡುತ್ತಾ. ಧ್ವನಿಯೇ ಒಂದು ದಾರಿ, ತುಟಿಯೇ ಒಂದು ದಾರಿ ಆಗುವುದು ಇದರಿಂದಲೇ. ಅಂಥ ಕ್ಲಿಪ್‌ಗಳನ್ನು ಮೊದಲು ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಂಡು ಆಮೇಲೆ ಎಡಿಟಿಂಗ್‌ಗೆ ತರಬೇಕು.

ಇಷ್ಟೆಲ್ಲ ನೋಡಿದ ಮೇಲೆ ಸೆಟ್ಟಿಂಗ್ ವಿಷಯ ಸರಳ. ಕ್ಯಾಮೆರಾ ನಿಮ್ಮ ಕೈಯಲ್ಲಿದ್ದರೆ 25ಪಿ, ಶಟರ್ 1/50. ಪ್ರಾಜೆಕ್ಟ್ 1920×1080, ಚೌಕ ಪಿಕ್ಸೆಲ್, ರೆಕ್ 709, ಆಡಿಯೊ 48 ಕಿಲೊಹರ್ಟ್ಸ್. ಫುಟೇಜ್ ಬೇರೆಯವರದಾದರೆ ಜಾಸ್ತಿ ಕ್ಲಿಪ್‌ಗಳು ಯಾವ ಫ್ರೇಮ್ ರೇಟಿನಲ್ಲಿವೆಯೋ ಅದೇ ಇಡಿ. ಎಲ್ಲವೂ ಮೊಬೈಲಿನ 30 ಆಗಿದ್ದು, ಹೋಗುವುದೂ ಯೂಟ್ಯೂಬಿಗೇ ಆದರೆ 25ರ ಹಟ ಬೇಡ. ಗಾತ್ರ, ಕೊಡೆಕ್, ಬಿಟ್‌ರೇಟ್ ಇವನ್ನೆಲ್ಲ ಕೊನೆಯಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಫ್ರೇಮ್ ರೇಟ್ ಹಾಗಲ್ಲ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಅಂತೂ ಟೈಮ್‌ಲೈನ್‌ನಲ್ಲಿ ಕ್ಲಿಪ್ ಕೂತ ಮೇಲೆ ಅದನ್ನು ಮುಟ್ಟಲೂ ಬಿಡುವುದಿಲ್ಲ.

ಔಟ್‌ಪುಟ್ ಕಥೆ ಹೀಗಿದೆ. ಡಿವಿಡಿ ಕಾಲದಲ್ಲಿ ಎಚ್‌ಡಿಯಲ್ಲಿ ತೆಗೆದು 720×576ಕ್ಕೆ ಇಳಿಸಿ ಕೊಡುತ್ತಿದ್ದರು. ಗಿರಾಕಿಯ ಹತ್ತಿರ ಇದ್ದದ್ದು ಡಿವಿಡಿ ಪ್ಲೇಯರ್, ಏನು ಮಾಡುವುದು. ಬ್ಲೂ-ರೇ ನಿಯಮದಲ್ಲಿ 1080ರ ಗಾತ್ರಕ್ಕೆ 25ಪಿ ಇರಲೇ ಇಲ್ಲ, 50ಐ (ಸೆಕೆಂಡಿಗೆ 50 ಫೀಲ್ಡ್) ಒಳಗೆ ಅಡಗಿಸಿ ಕಳಿಸಬೇಕಿತ್ತು. ನಮ್ಮ ಎಚ್‌ಡಿ ಚಾನೆಲ್‌ಗಳ ಪ್ರಸಾರ ನಡೆದುಬಂದದ್ದೂ 50ಐ ಲೆಕ್ಕದಲ್ಲೇ. ಯೂಟ್ಯೂಬಿಗೆ ಫೀಲ್ಡ್ ಇರುವ ಫೈಲ್ ಯಾವತ್ತೂ ಬೇಡ. ಎಚ್.264, 25 ಅಥವಾ 30 ಫ್ರೇಮಿಗೆ ಸೆಕೆಂಡಿಗೆ 8 ಮೆಗಾಬಿಟ್ ಅಂತ ಅವರೇ ಹೇಳುತ್ತಾರೆ. ಸ್ವಲ್ಪ ಜಾಸ್ತಿ ಕೊಟ್ಟರೆ ನಷ್ಟವಿಲ್ಲ, ಹೇಗೂ ಅವರು ಇನ್ನೊಮ್ಮೆ ಹಿಂಡುತ್ತಾರೆ.

ಪೆನ್‌ಡ್ರೈವ್ ಕೊಡುವವರಿಗೆ ಬೇರೆ ಕಿರಿಕಿರಿ. ಸೆಕೆಂಡಿಗೆ 8 ಮೆಗಾಬಿಟ್ ಅಂದರೆ ಗಂಟೆಗೆ 3.6 ಜಿಬಿ. ಮೂರು ಗಂಟೆಯ ಮದುವೆ ಸುಮಾರು 11 ಜಿಬಿ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟಿನದಾಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಬೇರೆ ಥರ ಫಾರ್ಮ್ಯಾಟ್ ಮಾಡಿದರೆ ಕೆಲವು ಹಳೇ ಟಿವಿ ಅದನ್ನು ಓದುವುದೇ ಇಲ್ಲ. ಅದಕ್ಕೇ ನಾಂದಿ, ಮುಹೂರ್ತ, ಆರತಕ್ಷತೆ ಅಂತ ಫೈಲ್ ತುಂಡು ಮಾಡಿ ಕೊಡುವುದು.

ಚಿತ್ರಮಂದಿರ ಮಾತ್ರ ಇವತ್ತಿಗೂ 24ರ ಊರು. ಡಿಜಿಟಲ್ ಸಿನಿಮಾದ 2ಕೆ ಅಂದರೆ 2048×1080, ಎಲ್ಲ ಕಡೆ ನಂಬಿಕೆಯಿಂದ ಓಡುವ ವೇಗ 24. ಹಿಂದೆ ಪ್ಯಾಲ್ ದೇಶಗಳ ಟಿವಿಯಲ್ಲಿ ಸಿನಿಮಾ ಹಾಕುವಾಗ 24 ಅನ್ನೇ 25ರ ವೇಗದಲ್ಲಿ ಓಡಿಸಿಬಿಡುತ್ತಿದ್ದರು. ಎರಡೂವರೆ ಗಂಟೆಯ ಚಿತ್ರ, ಜಾಹೀರಾತು ಬಿಟ್ಟು, 144 ನಿಮಿಷಕ್ಕೆ ಮುಗಿಯುತ್ತಿತ್ತು, ಹಾಡಿನ ಶ್ರುತಿ ಕೊಂಚ ಏರುತ್ತಿತ್ತು. ಈಗಿನ ಕಿರುಚಿತ್ರದವರಿಗೆ ಇದು ಉಲ್ಟಾ ಹೊಡೆಯುತ್ತದೆ. 25ರಲ್ಲಿ ಮುಗಿಸಿದ 20 ನಿಮಿಷದ ಚಿತ್ರವನ್ನು 24ಕ್ಕೆ ಇಳಿಸಿದರೆ 20 ನಿಮಿಷ 50 ಸೆಕೆಂಡ್ ಆಗುತ್ತದೆ, ಮಿಕ್ಸ್ ಆದ ಧ್ವನಿಯನ್ನೆಲ್ಲ ಮತ್ತೆ ಎಳೆದು ಶ್ರುತಿ ಸರಿ ಮಾಡಬೇಕು. ನಿರ್ಮಾಪಕರಿಗೆ ಥಿಯೇಟರಿನ ಆಸೆ ಇದೆಯಾ ಅಂತ ಶೂಟಿಂಗ್‌ಗೆ ಮೊದಲೇ ಒಂದು ಮಾತು ಕೇಳಿಬಿಡಿ. ಇದ್ದರೆ ಕ್ಯಾಮೆರಾನೂ 24, ಪ್ರಾಜೆಕ್ಟೂ 24. ಶಟರ್ ಮಾತ್ರ 1/50ರಲ್ಲೇ ಇರಲಿ.