ಕಮಾಂಡೊ ಭರ್ತಿ ಎಂಬುದಿಲ್ಲ: ಮರೂನ್ ಟೋಪಿಯ ದಾರಿ ಬದಲಾದ ಬಗೆ

“ಕಮಾಂಡೊ ಭರ್ತಿ ಯಾವಾಗ ಐತ್ರಿ?” ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಡಿಫೆನ್ಸ್ ಅಕಾಡೆಮಿಗಳಿಗೆ ಹೊಸದಾಗಿ ಬರುವ ಹುಡುಗರು ಕೇಳುವ ಪ್ರಶ್ನೆ ಇದು. ಭೂಸೇನೆಯಲ್ಲಿ ಆ ಹೆಸರಿನ ಭರ್ತಿ ಇಲ್ಲ. ಟಿವಿಯಲ್ಲಿ ಕಪ್ಪು ಸಮವಸ್ತ್ರದಲ್ಲಿ ಕಾಣುವ ರಾಷ್ಟ್ರೀಯ ಭದ್ರತಾ ಪಡೆ, ಅಂದರೆ ಎನ್‌ಎಸ್‌ಜಿಗೂ ನೇರ ಪ್ರವೇಶವಿಲ್ಲ. ಅಲ್ಲಿರುವವರು ಭೂಸೇನೆಯಿಂದಲೋ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಿಂದಲೋ ನಿಯೋಜನೆ ಮೇಲೆ ಹೋದವರು. ಭೂಸೇನೆಯ ಕಮಾಂಡೊಗಳಿರುವುದು ಮರೂನ್ ಟೋಪಿಯ ಪ್ಯಾರಾಶೂಟ್ ರೆಜಿಮೆಂಟಿನಲ್ಲಿ, ಅದಕ್ಕೆ ಎರಡು ಬಾಗಿಲುಗಳಿವೆ. ಭರ್ತಿಯಾದವರಲ್ಲಿ ಕೆಲವರು ನೇರವಾಗಿ ಬೆಂಗಳೂರಿನ ಅದರ ತರಬೇತಿ ಕೇಂದ್ರಕ್ಕೆ ಹೋಗುತ್ತಾರೆ. ಉಳಿದವರು ಬೇರೆ ರೆಜಿಮೆಂಟುಗಳಲ್ಲಿದ್ದು ತಾವಾಗಿ ಹೆಸರು ಕೊಟ್ಟು ಬರುತ್ತಾರೆ. ಎರಡಕ್ಕೂ ಮೊದಲ ಮೆಟ್ಟಿಲು ಒಂದೇ: ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸೈನಿಕನ, ಭರ್ತಿ. ಆ ಮೆಟ್ಟಿಲು ಕಳೆದ ಕೆಲವು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ, ನಮ್ಮ ಭಾಗದ ತಯಾರಿ ಮಾತ್ರ ಹಳೆಯದೇ ಉಳಿದಿದೆ.

ಈ ಪಡೆಗಳು ನಮಗೆ ದೂರದವಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಪಟಾಲಂ 1922ರಿಂದ ಪಕ್ಕದ ಬೆಳಗಾವಿಯಲ್ಲಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, 50ನೇ ಪ್ಯಾರಾಶೂಟ್ ಬ್ರಿಗೇಡ್ ಹುಟ್ಟಿತು. ಸ್ವಾತಂತ್ರ್ಯಾನಂತರ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಪಟಾಲಮ್ಮೇ ಪ್ಯಾರಾಶೂಟ್ ರೆಜಿಮೆಂಟಿನ 2ನೇ ಪಟಾಲಂ, ಅಂದರೆ 2 ಪ್ಯಾರಾ, ಆಯಿತು. 1971ರ ಡಿಸೆಂಬರ್ 11ರಂದು ಬಾಂಗ್ಲಾದ ಟಾಂಗೈಲ್ ಬಳಿ ವಿಮಾನದಿಂದ ಜಿಗಿದದ್ದು, ಐದು ದಿನಗಳ ನಂತರ ಢಾಕಾ ಹೊಕ್ಕದ್ದು ಇದೇ ಪಟಾಲಂ. ಕಮಾಂಡೊ ಎಂಬ ಕಲ್ಪನೆಗೆ ರೂಪ ಬಂದದ್ದು 1965ರ ಯುದ್ಧದಲ್ಲಿ, ಮೇಜರ್ ಮೇಘ್ ಸಿಂಗ್ ಕಟ್ಟಿದ ಮೇಘದೂತ್ ತಂಡದಿಂದ. ಮರುವರ್ಷ ಜುಲೈನಲ್ಲಿ 9 ಪ್ಯಾರಾ ಕಮಾಂಡೊ ಪಟಾಲಂ ಎದ್ದು ನಿಂತಿತು. ಮುಂದೆ 1996ರಲ್ಲಿ ಮರಾಠಾದ 21ನೇ ಪಟಾಲಂ 21 ಪ್ಯಾರಾ ಸ್ಪೆಷಲ್ ಫೋರ್ಸಸ್ ಆಗಿ ಬದಲಾಯಿತು. ಅದಕ್ಕೂ ಮೊದಲೇ, 1992ರಲ್ಲಿ, ರೆಜಿಮೆಂಟಿನ ಕೇಂದ್ರ ಆಗ್ರಾದಿಂದ ಬೆಂಗಳೂರಿಗೆ ಬಂದಿತ್ತು.

ಭರ್ತಿಯ ಹಳೆಯ ಪದ್ಧತಿ ಸರಳವಾಗಿತ್ತು. ಮೊದಲು ರ್‍ಯಾಲಿ, ಓಟ, ಬೀಮು (ಅಡ್ಡಪಟ್ಟಿ ಹಿಡಿದು ಮೈ ಮೇಲೆಳೆಯುವುದು), ಮೆಡಿಕಲ್. ಅದರಲ್ಲಿ ಉಳಿದವರಿಗೆ ಲಿಖಿತ ಪರೀಕ್ಷೆ. ಕಾಲಲ್ಲಿ ಕಸುವಿದ್ದವನಿಗೆ ಮುಕ್ಕಾಲು ದಾರಿ ಕ್ರಮಿಸಿದಂತೆಯೇ. ಕೋವಿಡ್ ಬಂದ ಮೇಲೆ ಎರಡು ವರ್ಷ ಭರ್ತಿಯೇ ನಡೆಯಲಿಲ್ಲ, ದಿನಾ ಬೆಳಿಗ್ಗೆ ಓಡುತ್ತಿದ್ದ ಎಷ್ಟೋ ಹುಡುಗರ ವಯಸ್ಸು ಮೀರಿತು. 2022ರ ಜೂನ್ 14ರಂದು ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆ ಘೋಷಣೆಯಾದಾಗ ಸಿಟ್ಟು ಬೀದಿಗೆ ಬಂದದ್ದರ ಹಿಂದೆ ಈ ಎರಡು ವರ್ಷಗಳ ಕಾಯುವಿಕೆಯೂ ಇತ್ತು. ಆ ಒಂದು ವರ್ಷಕ್ಕೆ ಗರಿಷ್ಠ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದರು. ಅದೇ ಸೆಪ್ಟೆಂಬರಿನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ಅಗ್ನಿವೀರ್ (ಈ ಯೋಜನೆಯ ಸೈನಿಕ) ರ್‍ಯಾಲಿ ನಡೆಯಿತು. 2023ರಿಂದ ಕ್ರಮವೇ ತಿರುವುಮುರುವಾಯಿತು: ಮೊದಲು ಕಂಪ್ಯೂಟರ್ ಮುಂದೆ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗಷ್ಟೇ ಮೈದಾನ.

ಇದರ ಅರ್ಥವನ್ನು ಇನ್ನೂ ಬಹಳ ಜನ ಒಪ್ಪಿಕೊಂಡಿಲ್ಲ ಎಂಬುದೇ ನಮ್ಮ ಕಳವಳ. ಜನರಲ್ ಡ್ಯೂಟಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ, ತಲಾ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. 2025ರಿಂದ ಪರೀಕ್ಷೆ ಕನ್ನಡದಲ್ಲೂ ಇದೆ. ಅರ್ಜಿ ಹಾಕುವಾಗಲೇ ಕನ್ನಡ ಆರಿಸಿಕೊಳ್ಳಬೇಕು, ಗಡಿಬಿಡಿಯಲ್ಲಿ ಇಂಗ್ಲಿಷ್ ಒತ್ತಿ ಬಂದರೆ ಆಮೇಲೆ ಪಶ್ಚಾತ್ತಾಪ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 45 ಪ್ರತಿಶತ, ಪ್ರತಿ ವಿಷಯದಲ್ಲಿ 33 ಇರಬೇಕು. ಗಣಿತದಲ್ಲಿ 30 ಪಡೆದು ಒಟ್ಟಾರೆ 60 ತೆಗೆದವನೂ ಇಲ್ಲಿ ಹೊರಗೇ. ಇನ್ನೊಂದು ಸಣ್ಣ ಸಂಗತಿ ಹಲವರ ಬಸ್ ಚಾರ್ಜ್ ಉಳಿಸೀತು: ಬೆಳಗಾವಿ ಹತ್ತಿರವಿದ್ದರೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸೇನಾ ನೇಮಕಾತಿ ಕಚೇರಿ ಇರುವುದು ಮಂಗಳೂರಿನಲ್ಲಿ.

ಇನ್ನು ಓಟ. ದೂರ 1.6 ಕಿ.ಮೀ., ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ 4 ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5:45ರೊಳಗಾದರೆ 48. 5:30ರ ಲೆಕ್ಕದಲ್ಲಿ ಒಂದು ಸುತ್ತಿಗೆ 82.5 ಸೆಕೆಂಡ್ ಬಿತ್ತು. ಭರ್ತಿಯಲ್ಲಿ ಒಬ್ಬೊಬ್ಬರಾಗಿ ಓಡಿಸುವುದಿಲ್ಲ, ದೊಡ್ಡ ಗುಂಪನ್ನು ಒಟ್ಟಿಗೆ ಬಿಡುತ್ತಾರೆ. ಸೀಟಿ ಊದಿದ ತಕ್ಷಣ ಮುಂದೆ ನುಗ್ಗಿ ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಮುಗಿಸಿದವನು ಮೂರನೆಯದರಲ್ಲಿ ಕುಸಿಯುತ್ತಾನೆ. ಗುಂಪಿಗೆ ಹೆದರಿ ಹೊರಗಿನಿಂದ ಓಡುವವನ ನಷ್ಟ ಬೇರೆ ಬಗೆಯದು. ಒಳಗಿನ ಗೆರೆಯಿಂದ ಒಂದು ಲೇನಿನಷ್ಟು, ಅಂದರೆ 1.22 ಮೀಟರ್, ಆಚೆ ಓಡಿದರೆ ತಿರುವುಗಳಿಂದಾಗಿ ಸುತ್ತಿಗೆ ಸುಮಾರು ಏಳೂವರೆ ಮೀಟರ್ ಹೆಚ್ಚು. ನಾಲ್ಕು ಸುತ್ತಿಗೆ 30 ಮೀಟರ್, ಆ ವೇಗದಲ್ಲಿ 6 ಸೆಕೆಂಡ್. 5:28ಕ್ಕೆ ಮುಗಿಸುವ ತಾಕತ್ತಿನವನು 5:34ಕ್ಕೆ ಬಂದು ಅಲ್ಲೇ 12 ಅಂಕ ಕಳೆದುಕೊಳ್ಳುತ್ತಾನೆ. ಆದ್ದರಿಂದ ನೇರ ಭಾಗದಲ್ಲಿ ಮಾತ್ರ ಹಿಂದಿಕ್ಕಬೇಕು, ತಿರುವಿನಲ್ಲಿ ಒಳಗಿನ ಗೆರೆ ಬಿಡಬಾರದು. ಅಭ್ಯಾಸದಲ್ಲಿ 5:15 ಬರದೆ ಭರ್ತಿಗೆ ತಯಾರಾದೆ ಎಂದು ಯಾರೂ ನಂಬಬಾರದು.

ಕಾಲು ಕೆಡುವುದು ಬಹುಪಾಲು ಭರ್ತಿಗೆ ಮುಂಚೆಯೇ. ಗದಗ, ನವಲಗುಂದದ ಕಡೆ ಎರೆ ಹೊಲ. ಮಳೆಗಾಲದಲ್ಲಿ ಶೂಗೆ ಮಣ್ಣು ಹೆಂಟೆಹೆಂಟೆಯಾಗಿ ಅಂಟುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಪಾದ ತಿರುಚುತ್ತದೆ. ಹಾಗಾಗಿ ಹುಡುಗರು ಡಾಂಬರು ರಸ್ತೆಗೆ ಬರುತ್ತಾರೆ. ಅಧಿಸೂಚನೆ ಬಂದ ವಾರದಿಂದಲೇ ದಿನಕ್ಕೆ ಎಂಟು, ಹತ್ತು ಕಿ.ಮೀ. ಓಡತೊಡಗಿದರೆ ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂಗಾಲ ಎಲುಬಿನ ಒಳಬದಿಯಲ್ಲಿ ನೋವು ಶುರುವಾಗುತ್ತದೆ. ಉಸಿರು, ಸ್ನಾಯು ಬೇಗ ಪಳಗುತ್ತವೆ, ಎಲುಬು ಪಳಗಲು ತಿಂಗಳುಗಳು ಬೇಕು. ನೋವು ಎಲುಬಿನುದ್ದಕ್ಕೂ ಹರಡಿದ್ದರೆ ಓಟ ತಗ್ಗಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬೆರಳ ತುದಿಯಿಂದ ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅದು ಎಲುಬಿನ ಸೀಳು ಇರಬಹುದು. ಓಟ ನಿಲ್ಲಿಸಿ ಎಲುಬಿನ ವೈದ್ಯರ ಬಳಿ ಹೋಗಲೇಬೇಕು. ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಓಡಿಸುವ ತರಬೇತುದಾರನನ್ನು ಅದೇ ದಿನ ಬಿಟ್ಟುಬಿಡಿ, ಸೀಳು ಪೂರ್ತಿ ಮುರಿತವಾಗುವುದು ಹೀಗೆಯೇ.

ಆರು ತಿಂಗಳ ಮುಂಚೆ ಶುರು ಮಾಡಿದವನಿಗೆ ಈ ಅವಸರವಿಲ್ಲ. ವಾರಕ್ಕೆ ನಾಲ್ಕು ದಿನ ಓಟ ಸಾಕು: ಎರಡು ದಿನ ಮಾತಾಡುತ್ತಾ ಓಡುವಷ್ಟು ನಿಧಾನದ 5 ಕಿ.ಮೀ., ಒಂದು ದಿನ 400 ಮೀಟರಿನ ಆರು ಸುತ್ತು, ಪ್ರತಿಯೊಂದೂ 80 ಸೆಕೆಂಡಿನ ಆಸುಪಾಸು, ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ ಏರು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟವಿದೆ, ಗದಗಿನವರಿಗೆ ಕಪ್ಪತಗುಡ್ಡದ ಮಗ್ಗುಲು. ಏರಿಗೆ ಓಡಿ, ಇಳಿಯುವಾಗ ನಡೆಯಿರಿ. ಮೊಣಕಾಲು ಹಾಳಾಗುವುದು ಇಳಿಜಾರಿನ ಓಟದಲ್ಲಿ.

ಬೀಮಿನಲ್ಲಿ 10 ಎಳೆದರೆ 40 ಅಂಕ, 6 ಎಳೆದರೆ 16 ಮಾತ್ರ. ಕಾಲು ಒದ್ದು ಮೇಲೇರುವ ಚಾಳಿಯೇ ಇಲ್ಲಿ ಮುಳುವು. ಕೈ ಪೂರ್ತಿ ನೇರವಾಗುವವರೆಗೆ ಇಳಿಯದಿದ್ದರೆ ಆ ಎಳೆತ ಲೆಕ್ಕಕ್ಕಿಲ್ಲ. ಒಂಬತ್ತಡಿ ಹಳ್ಳದ ಜಿಗಿತಕ್ಕೂ ಜಿಗ್‌ಜಾಗ್ ನಡಿಗೆಗೂ ಅಂಕವಿಲ್ಲ, ಪಾಸಾಗಬೇಕಷ್ಟೆ.

ಎತ್ತರ ಕರ್ನಾಟಕದವರಿಗೆ 166 ಸೆಂ.ಮೀ., ಎದೆ 77, ಉಬ್ಬಿಸಿದಾಗ 5 ಸೆಂ.ಮೀ. ಹೆಚ್ಚು. ಮೆಡಿಕಲ್‌ನಲ್ಲಿ ಔಟಾದವರ ಕಾರಣ ಕೇಳಿದರೆ ಬೇಸರವಾಗುತ್ತದೆ, ಏಕೆಂದರೆ ಕೆಲವನ್ನು ಮನೆಯಲ್ಲೇ ನೋಡಿಕೊಳ್ಳಬಹುದಿತ್ತು. ಕಿವಿಯಲ್ಲಿ ಗುಗ್ಗೆ, ಹುಳುಕು ಹಲ್ಲು, ಬುದ್ಧಿ ಬರುವ ಮುಂಚೆ ಹಾಕಿಸಿಕೊಂಡ ದೊಡ್ಡ ಟ್ಯಾಟೂ. ಒದ್ದೆ ಪಾದವನ್ನು ಒಣ ನೆಲದ ಮೇಲಿಟ್ಟು ನೋಡಿ: ಇಡೀ ಅಂಗಾಲು ಮೂಡಿದರೆ ಚಪ್ಪಟೆ ಪಾದದ ಅನುಮಾನ, ಮೊದಲೇ ವೈದ್ಯರಿಗೆ ತೋರಿಸಿ. ಗುಟ್ಕಾ ಜಗಿದು ಬಾಯಿ ಬಿಗಿದುಕೊಂಡ ಹುಡುಗ ಎಷ್ಟೇ ವೇಗವಾಗಿ ಓಡಿದರೂ ಪ್ರಯೋಜನವಿಲ್ಲ.

ಇಷ್ಟೆಲ್ಲ ದಾಟಿದ ಮೇಲೆ ಮರೂನ್ ಟೋಪಿಯ ಮಾತು. ಅಗ್ನಿವೀರರ ಮೊದಲ ತರಬೇತಿ ಸುಮಾರು 31 ವಾರ. ಪ್ಯಾರಾಗೆ ಹೆಸರು ಕೊಟ್ಟವನು ಅದರ ಮೇಲೆ ಪ್ರೊಬೇಷನ್, ಅಂದರೆ ಪಡೆಗೆ ತಕ್ಕವನೇ ಎಂದು ಸೋಸುವ ಅವಧಿ, ದಾಟಬೇಕು. ಸ್ಪೆಷಲ್ ಫೋರ್ಸಸ್ ಪಟಾಲಮ್ಮುಗಳಲ್ಲಿ ಅದು ತಿಂಗಳುಗಟ್ಟಲೆ. ಹೊರೆ ಹೊತ್ತು ದೂರದ ನಡಿಗೆ, ನಿದ್ದೆಗೇಡು, ಹಸಿವು, ಇವುಗಳ ನಡುವೆ ಹೇಳಿದ ಕೆಲಸ ಸರಿಯಾಗಿ ಮಾಡುವುದು. ಇಲ್ಲಿ 5:10ರ ಓಟಗಾರನೂ ಸೋಲುತ್ತಾನೆ, ಏಕೆಂದರೆ ಖಾಲಿ ಬೆನ್ನಿನ 1.6 ಕಿ.ಮೀ.ಗೂ ಹೊರೆ ಹೊತ್ತ 20 ಕಿ.ಮೀ.ಗೂ ಬೇಕಾದ ಬೆನ್ನು, ಭುಜ, ಪಾದ ಬೇರೆ. ಬೇರೆ ಪಟಾಲಮ್ಮಿನಿಂದ ಬಂದು ಉತ್ತೀರ್ಣನಾಗದವನು ತನ್ನ ಪಟಾಲಮ್ಮಿಗೆ ಮರಳುತ್ತಾನೆ, ಅದರಲ್ಲಿ ಅವಮಾನವೇನಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಮದ್ರಾಸ್ ರೆಜಿಮೆಂಟಿನ 19ನೇ ಪಟಾಲಮ್ಮಿನ ಸಾಮಾನ್ಯ ಪದಾತಿಯಾಗಿಯೇ ಸಿಯಾಚಿನ್‌ನಲ್ಲಿದ್ದವರು. 2016ರ ಫೆಬ್ರುವರಿ 3ರ ಹಿಮಕುಸಿತದ ನಂತರ ಆರು ದಿನ ಹಿಮದಡಿ ಜೀವ ಹಿಡಿದಿದ್ದರು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಪ್ರೊಬೇಷನ್ ಮುಗಿಸಿದವರು ಆಗ್ರಾದ ಶಾಲೆಗೆ ಹೋಗಿ ಐದು ಬಾರಿ ಜಿಗಿಯುತ್ತಾರೆ, ಒಂದು ರಾತ್ರಿ ಹೊತ್ತಿನದು.

ಮೊದಲಾದರೆ ಜವಾನ ಎರಡು, ಮೂರು ವರ್ಷ ತನ್ನ ಪಟಾಲಮ್ಮಿನಲ್ಲಿ ನೆಲೆನಿಂತು ಆಮೇಲೆ ಪ್ಯಾರಾ ಯೋಚನೆ ಮಾಡಬಹುದಿತ್ತು, ಮುಂದೆ ಪಿಂಚಣಿವರೆಗಿನ ಸೇವೆ ಬಾಕಿಯಿರುತ್ತಿತ್ತು. ಈಗ ಕೈಯಲ್ಲಿರುವುದು 4 ವರ್ಷ, ಮುಂದುವರಿಯುವವರು ಗರಿಷ್ಠ 25 ಪ್ರತಿಶತ. ಮೊದಲ ವರ್ಷ ಸಂಬಳ 30,000 ರೂಪಾಯಿ, ಅದರಲ್ಲಿ 9,000 ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21,000. ಹೊರಬರುವಾಗ ಸುಮಾರು 11.71 ಲಕ್ಷ ಸಿಗುತ್ತದೆ, ಪಿಂಚಣಿ ಇಲ್ಲ. ಹಾಗಾಗಿ ಪ್ಯಾರಾ ಬೇಕೆನ್ನುವವನು ತರಬೇತಿಗೆ ಹೋಗುವ ಮೊದಲೇ ತೀರ್ಮಾನಿಸಿರಬೇಕು, ಮನೆಯವರೂ ಆ ಲೆಕ್ಕ ಕೇಳಿ ಒಪ್ಪಿರಬೇಕು.

ಎರಡೂ ಕಡೆ ಕೈಯಿಡೋಣ ಎಂದು ಅಗ್ನಿವೀರ್ ಜೊತೆ ಸಿಆರ್‌ಪಿಎಫ್‌ಗೂ ಅರ್ಜಿ ಹಾಕುವವರು ಬಹಳ. ಅದರ ಕಮಾಂಡೊ ಪಡೆಯಾದ ಕೋಬ್ರಾಗೆ ಖಾನಾಪುರದಲ್ಲೇ ಕಾಡುಯುದ್ಧದ ಶಾಲೆ ಇರುವುದರಿಂದ ಆಸೆಯೂ ಸಹಜ. ಆದರೆ ಆ ಭರ್ತಿಯಲ್ಲಿ ಓಟ 24 ನಿಮಿಷದಲ್ಲಿ 5 ಕಿ.ಮೀ., ಕಿಲೋಮೀಟರಿಗೆ 4:48. ಸೇನೆಯದು ಕಿಲೋಮೀಟರಿಗೆ 3:26. ಒಂದಕ್ಕೆ ಮೂರು ತಿಂಗಳು ತಯಾರಾಗಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ ತಿರುಗುವುದೇ ಸರಿ. ಮತ್ತು ಅಲ್ಲಿ ಸಾಮಾನ್ಯ ವರ್ಗದ ಪುರುಷರಿಗೆ ಎತ್ತರ 170 ಸೆಂ.ಮೀ. ಕೇಳುತ್ತಾರೆ. 167 ಇರುವ ಹುಡುಗ ಅರ್ಜಿಯ ಶುಲ್ಕ ಕಟ್ಟುವ ಮುಂಚೆ ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಲ್ಲಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆಸಿಕೊಳ್ಳಲಿ; ಸಂಜೆಯ ಅಳತೆ ತುಸು ಕಡಿಮೆ ಬರುತ್ತದೆ, ನಂಬಬೇಕಾದದ್ದು ಅದನ್ನೇ.