ಯಾವ ತೂಕದಿಂದ ಯಾವ ತೂಕ ಕಳೆಯುವುದು?

ಮೊನ್ನೆಯ ಕಿರುಪರೀಕ್ಷೆಯಲ್ಲಿ, ಊಟದ ಕಾಯಿಲೆಗಳಲ್ಲಿ ನೋಡುವ ವೆಯ್ಟ್ ಸಪ್ರೆಷನ್‌ನ ಈ ಒಂದು ಲೆಕ್ಕಕ್ಕೆ ನನಗೆ ಸೊನ್ನೆ ಬಂತು. ಉರಿ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ವೆಯ್ಟ್ ಸಪ್ರೆಷನ್ ಎಂದರೆ ಪೂರ್ತಿ ಎತ್ತರ ಬೆಳೆದ ಮೇಲೆ ತೂಗಿದ ಗರಿಷ್ಠ ತೂಕದಿಂದ ಈಗಿನ ತೂಕ ಕಳೆದರೆ ಉಳಿಯುವ ಸಂಖ್ಯೆ. ಗರ್ಭಿಣಿಯಾಗಿದ್ದಾಗಿನ ತೂಕ ಲೆಕ್ಕಕ್ಕಿಲ್ಲ. ಒಬ್ಬಾಕೆ ಮೊದಲಿನಿಂದಲೂ 58 ಕೆಜಿ. ಇನ್ನೊಬ್ಬಾಕೆ 74ರಿಂದ 58ಕ್ಕೆ ಇಳಿದವಳು. ತಕ್ಕಡಿಗೆ ಇಬ್ಬರೂ ಒಂದೇ, ದೇಹಕ್ಕೆ ಅಲ್ಲ. ಹೆಸರು ಕೇಳಿ, ಬೇಕೆಂದೇ ಅದುಮಿ ಹಿಡಿದ ತೂಕ ಮಾತ್ರ ಎಂದುಕೊಂಡಿದ್ದೆ. ಲೆಕ್ಕ ಕಾರಣ ಕೇಳುವುದಿಲ್ಲ. ಪಥ್ಯದಿಂದ ಇಳಿದರೂ ಟೈಫಾಯ್ಡ್ ಬಂದು ಇಳಿದರೂ ಸಂಖ್ಯೆ ಅದೇ.

1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾವನ್ನು (ಬಾಚಿ ತಿಂದು, ಆಮೇಲೆ ವಾಂತಿ ಅಥವಾ ಉಪವಾಸದಿಂದ ಸರಿದೂಗಿಸಲು ಹೊರಡುವ ಕಾಯಿಲೆ) ವಿವರಿಸಿದಾಗಲೇ, ರೋಗಿಗಳು ತಮ್ಮ ಹಿಂದಿನ ತೂಕಕ್ಕಿಂತ ಕೆಳಗಿರುವುದನ್ನು ಗುರುತಿಸಿದ್ದರು. ಕೊಬ್ಬು ಕರಗಿದಂತೆ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಹಸಿವು ಏರುತ್ತದೆ, ದೇಹ ಶಕ್ತಿಯನ್ನು ಜಿಪುಣನಂತೆ ಖರ್ಚು ಮಾಡುತ್ತದೆ. ಹಸಿವು ಕಟ್ಟೆಯೊಡೆದಾಗ ಬಾಚಿ ತಿನ್ನುವುದು, ತಿಂದದ್ದಕ್ಕೆ ಹೆದರಿ ವಾಂತಿ ಅಥವಾ ಉಪವಾಸ, ಮತ್ತೆ ಹಸಿವು. ಅಮೆರಿಕದ ಮಿನೆಸೋಟಾದಲ್ಲಿ 1944–45ರಲ್ಲಿ ಹಸಿವಿನ ಪ್ರಯೋಗಕ್ಕೆಂದು ಅರೆಹೊಟ್ಟೆಯಲ್ಲಿದ್ದ 36 ಸ್ವಯಂಸೇವಕರಿಗೆ ತೆಳ್ಳಗಾಗುವ ಹಂಬಲವೇನೂ ಇರಲಿಲ್ಲ. ತೂಕದ ಕಾಲು ಭಾಗದಷ್ಟು ಕಳೆದುಕೊಂಡ ಅವರು ಊಟದ್ದೇ ಧ್ಯಾನದಲ್ಲಿದ್ದರು. ಕೆಲವರಂತೂ ಅಡುಗೆ ಪುಸ್ತಕ ಕೂಡಿಡತೊಡಗಿದರು.

ಈಗ ನಾನು ಮುಗ್ಗರಿಸಿದ ಜಾಗ. ಬೆಳೆಯುವ ಮಕ್ಕಳ ಎತ್ತರ ಬದಲಾಗುತ್ತಲೇ ಇರುವಾಗ ಕೆಜಿಯಿಂದ ಕೆಜಿ ಕಳೆದು ಪ್ರಯೋಜನವಿಲ್ಲ. ಅದಕ್ಕೇ ಬೆಳವಣಿಗೆಯನ್ನೂ ಲೆಕ್ಕಕ್ಕೆ ಹಿಡಿಯುವ ಹೊಸ ಅಳತೆ ಬಂದಿದೆ: ಅತಿ ಹೆಚ್ಚಿದ್ದಾಗಿನ ಬಿಎಂಐ ಝಡ್ ಅಂಕದಿಂದ ಈಗಿನ ಝಡ್ ಅಂಕ ಕಳೆಯುವುದು. ಬಿಎಂಐ ಎಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು. ಝಡ್ ಅಂಕ ಎಂದರೆ ಅದೇ ವಯಸ್ಸಿನ, ಅದೇ ಲಿಂಗದವರ ನಡುಮಟ್ಟದಿಂದ ಎಷ್ಟು ಮೆಟ್ಟಿಲು (ಸ್ಟ್ಯಾಂಡರ್ಡ್ ಡೀವಿಯೇಷನ್) ಮೇಲೆ ಅಥವಾ ಕೆಳಗೆ ಎಂಬುದು.

ಕಲ್ಪಿತ ಉದಾಹರಣೆ. ಹುಡುಗಿಗೆ 12ನೇ ವಯಸ್ಸಿನಲ್ಲಿ 145 ಸೆಂಮೀ, 48 ಕೆಜಿ; ಬಿಎಂಐ 22.8. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಲ್ಲಿ ಆ ವಯಸ್ಸಿನ ಹುಡುಗಿಯರ ನಡುಮಟ್ಟ 18.0, ಒಂದು ಮೆಟ್ಟಿಲು ಮೇಲೆ 20.8, ಎರಡು ಮೆಟ್ಟಿಲಿಗೆ 25.0. ಅಂದರೆ ಸುಮಾರು +1.5. ಅವಳಿಗೀಗ 19, ಎತ್ತರ 160 ಸೆಂಮೀ, ತೂಕ 50 ಕೆಜಿ; ಬಿಎಂಐ 19.5. ಈ ವಯಸ್ಸಿಗೆ ನಡುಮಟ್ಟ 21.4, ಒಂದು ಮೆಟ್ಟಿಲು ಕೆಳಗೆ 18.7. ಅಂದರೆ ಸುಮಾರು −0.7.

ಪರೀಕ್ಷೆಯಲ್ಲಿ ನಾನು 1.5ರಿಂದ 0.7 ಕಳೆದು 0.8 ಎಂದು ಬರೆದು ಬಂದೆ! ಕಳೆಯಬೇಕಾದದ್ದು ಋಣ ಸಂಖ್ಯೆಯನ್ನು: 1.5 − (−0.7), ಅಂದರೆ 1.5 + 0.7 = 2.2. ನೆಲಮಟ್ಟದಿಂದ ಒಂದೂವರೆ ಮೆಟ್ಟಿಲು ಮೇಲಿದ್ದವಳು ಬಾವಿಯೊಳಗೆ ಮುಕ್ಕಾಲು ಮೆಟ್ಟಿಲು ಇಳಿದಿದ್ದಾಳೆ. ಎರಡೂ ದೂರ ಕೂಡಬೇಕು. ಸೊನ್ನೆಯನ್ನು ದಾಟಿದರೆ ಕೂಡು, ದಾಟದಿದ್ದರೆ ಕಳೆ. ಇದನ್ನು ಅಂಗೈ ಮೇಲೆ ಬರೆದುಕೊಳ್ಳುವಷ್ಟು ಸಿಟ್ಟಿದೆ.

ಹಳೆಯ ಲೆಕ್ಕದ ಕುರುಡು ನೋಡಿ: ಎತ್ತರ ನಿಂತ ಮೇಲೆ ಅವಳ ಗರಿಷ್ಠ ತೂಕ 52 ಕೆಜಿ ಆಗಿದ್ದರೆ ವ್ಯತ್ಯಾಸ ಬರೀ 2 ಕೆಜಿ. 12ರಿಂದ 19ರ ನಡುವೆ ತೂಕ ಏರಿಯೇ ಇದೆ, ಆದರೂ ಅವಳು ತನ್ನ ದಾರಿಯಿಂದ ಎರಡು ಮೆಟ್ಟಿಲು ಕೆಳಗೆ ಬಂದಿದ್ದಾಳೆ.

ಅಮೆರಿಕದ ಮನೋವೈದ್ಯರ 2013ರ ಡಿಎಸ್ಎಂ-5 ಕೈಪಿಡಿಯ ಅಟಿಪಿಕಲ್ ಅನೊರೆಕ್ಸಿಯಾ ಕೂಡ ಇಲ್ಲಿಗೇ ಸೇರುತ್ತದೆ: ತೂಕ ತುಂಬಾ ಇಳಿದಿದೆ, ಅನೊರೆಕ್ಸಿಯಾದ (ದಪ್ಪಗಾಗುವ ಭಯದಿಂದ ಊಟ ಬಿಟ್ಟು ತೀರಾ ಸಣ್ಣಗಾಗುವ ಕಾಯಿಲೆ) ಉಳಿದೆಲ್ಲ ಲಕ್ಷಣಗಳಿವೆ, ಆದರೆ ಈಗಿನ ತೂಕ ಸಾಮಾನ್ಯ ಅಥವಾ ಅದಕ್ಕಿಂತ ಹೆಚ್ಚು. ಇಂಥವರಲ್ಲೂ ನಾಡಿಬಡಿತ ಅಪಾಯಕಾರಿಯಾಗಿ ಕುಸಿಯಬಹುದು. ಮದುವೆಮನೆಯಲ್ಲಿ ಅತ್ತೆಯಂದಿರು ಮಾತ್ರ "ಸಣ್ಣಗಾಗಿದ್ದೀಯಲ್ಲೇ, ಈಗ ಲಕ್ಷಣವಾಗಿ ಕಾಣುತ್ತೀಯ" ಎಂದು ಗಲ್ಲ ಹಿಂಡುತ್ತಾರೆ.

ಒಂದು ಎಚ್ಚರಿಕೆ: ವ್ಯತ್ಯಾಸ ದೊಡ್ಡದಿದ್ದಷ್ಟೂ ಬುಲಿಮಿಯಾ ಲಕ್ಷಣಗಳು ತೀವ್ರ ಎಂದು ಹಲವು ಅಧ್ಯಯನಗಳು ತೋರಿಸಿವೆ. ಚಿಕಿತ್ಸೆಯ ಫಲದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ.

ಕೇಸ್ ಶೀಟಿನಲ್ಲಿ ಈಗ ಮೂರು ಖಾನೆ ಎಳೆಯುತ್ತೇನೆ: ಗರಿಷ್ಠ ತೂಕ, ಆಗಿನ ವಯಸ್ಸು, ಆಗಿನ ಎತ್ತರ. ಮೂರನೆಯದು ಯಾರಿಗೂ ನೆನಪಿರುವುದಿಲ್ಲ.