ಪೆನ್ಸಿಲ್ ತೂರುವಷ್ಟು ಜಾಗ

ಹೋದ ವರ್ಷ ಜೂನ್‌ನಲ್ಲಿ ಅವ್ವನ ಮೊಣಕಾಲಿನ ಆಪರೇಷನ್ ಇತ್ತು. ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಬೈಕ್ ನಿಲ್ಲಿಸಿ, ಕವರ್ ಹಾಕಿ, ಧಾರವಾಡಕ್ಕೆ ಹೋದೆ. ವಾಪಸ್ ಬಂದದ್ದು ಸೆಪ್ಟೆಂಬರ್‌ನಲ್ಲಿ. ಬ್ಯಾಟರಿ ಇಳಿದಿತ್ತು, ಕಿಕ್ ಹೊಡೆದೆ. ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಗ್ಯಾರೇಜಿನವನು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ, "ಉಂದರಾನಂ ಘರ್ ಕೇಲಂಯ, ಸಾಹೇಬ್" ಎಂದ. ಇಲಿ ಮನೆ ಮಾಡಿದೆ! ಒಳಗೆ ಸೀಟಿನ ಸ್ಪಂಜು, ಪೇಪರಿನ ಚೂರು, ಶೇಂಗಾ ಸಿಪ್ಪೆ. ಫಿಲ್ಟರಿನ ಕಾಗದ ಅರ್ಧಕ್ಕರ್ಧ ಇರಲಿಲ್ಲ.

ಚಳಿ ದೇಶಗಳಲ್ಲಿ ಇದು ಚಳಿಗಾಲದ ಕಾಟ. ಹಿಮ ಬೀಳುವ ತಿಂಗಳುಗಳಲ್ಲಿ ಬೈಕನ್ನು ಶೆಡ್ಡಿನೊಳಗೆ ಇಟ್ಟುಬಿಡುತ್ತಾರೆ. ಬೆಚ್ಚಗಿನ ಜಾಗ ಹುಡುಕುವ ಇಲಿಯೂ ಅಲ್ಲಿಗೇ ಬರುತ್ತದೆ. ನಮ್ಮ ಕಡೆ ಇದು ಮಳೆಗಾಲದ ಪಾಡು. ಬಿಲಕ್ಕೆ ನೀರು ನುಗ್ಗಿದರೆ ಇಲಿಗೆ ಬೇಕಾದದ್ದು ಕತ್ತಲೆಯ, ಒಣ ಜಾಗ, ಯಾರೂ ಮುಟ್ಟದ ಜಾಗ. ಕವರ್ ಹೊದ್ದು ನಿಂತ ಬೈಕ್ ಅಂದರೆ ಅದೇ ಅಲ್ವಾ? ಹಾಸಿಗೆಗೆ ಬೇಕಾದ ಕಾಗದ, ಸ್ಪಂಜು ಎರಡೂ ಒಳಗೇ ಇವೆ.

ಅದು ಒಳಗೆ ಬರಲು 6 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ತೂರುವ ಕಡೆ ಮನೆ ಇಲಿಯೂ ತೂರುತ್ತದೆ. ಬಸಿರು ಮೂರು ವಾರದ್ದು, ಒಂದು ಸೂಲಿಗೆ ಐದಾರು ಮರಿ. ನಾನು ಊರಲ್ಲಿದ್ದ ಮೂರು ತಿಂಗಳು ಒಂದು ಸಂಸಾರಕ್ಕೆ ಧಾರಾಳವಾಯಿತು.

ವೈರು ಕಡಿಯುವುದು ಹಸಿವಿನಿಂದ ಅಂತ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ವಾರಕ್ಕೆ ಸುಮಾರು ಎರಡು ಮಿಲಿಮೀಟರ್. ಸವೆಯದೆ ಇದ್ದರೆ ಹಲ್ಲು ಉದ್ದವಾಗಿ ಬಾಯಿ ಮುಚ್ಚಲೂ ಆಗುವುದಿಲ್ಲ. ಆ ಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್, ಹಿಂಭಾಗ ಮೆತ್ತಗಿನ ಡೆಂಟಿನ್. ಕಡಿದಂತೆಲ್ಲ ಹಿಂಭಾಗ ಬೇಗ ಸವೆಯುತ್ತದೆ, ಮುಂದಿನ ಅಂಚು ಚೂಪಾಗಿ ಉಳಿಯುತ್ತದೆ. ತನ್ನನ್ನು ತಾನೇ ಮಸೆದುಕೊಳ್ಳುವ ಉಳಿ ಅದು. ಎನಾಮಲ್‌ನಲ್ಲಿ ಕಬ್ಬಿಣ ಸೇರಿರುತ್ತದೆ, ಅದಕ್ಕೇ ಆ ಕಿತ್ತಳೆ ಬಣ್ಣ. ತಾಮ್ರದ ತಂತಿ ಅದಕ್ಕೆ ಯಾವ ಲೆಕ್ಕ! ನನಗೆ ಇನ್ನೂ ಆಶ್ಚರ್ಯವಾದದ್ದು ತುಟಿಯ ವಿಷಯ. ಕಡಿಯುವಾಗ ಇಲಿಯ ತುಟಿ ಬಾಚಿಹಲ್ಲಿನ ಹಿಂದೆ ಮುಚ್ಚಿಕೊಳ್ಳುತ್ತದೆ. ಹಲ್ಲು ಹೊರಗೆ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಚೂರು ಹೊಟ್ಟೆಗೆ ಹೋಗುವುದಿಲ್ಲ. ಈಗಿನ ವೈರುಗಳ ಹೊದಿಕೆಯಲ್ಲಿ ಸೋಯಾ ಇರುವುದರಿಂದಲೇ ಇಲಿ ಬರುತ್ತದೆ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೋಯಾ ಬರುವ ಮೊದಲೂ ಇಲಿ ವೈರು ಕಡಿಯುತ್ತಿತ್ತು.

ಖಾರದ ಉಪಾಯಕ್ಕೆ ಮಾತ್ರ ಒಳ್ಳೆಯ ಆಧಾರ ಇದೆ. ವೈರಿಗೆ ಸುತ್ತಲು ಹೋಂಡಾ ಕಂಪನಿ ಒಂದು ಟೇಪ್ ಮಾಡಿದೆ. ಅದರಲ್ಲಿರುವುದು ಮೆಣಸಿನಕಾಯಿಯ ಕ್ಯಾಪ್ಸೈಸಿನ್. ಖಾರ ಅನ್ನುವುದು ರುಚಿಯಲ್ಲ, ಉರಿ. ಬಿಸಿ ತಗುಲಿದಾಗ ನರದಲ್ಲಿ ತೆರೆಯುವ ಟಿಆರ್‌ಪಿವಿ1 ಎಂಬ ಬಾಗಿಲನ್ನೇ ಖಾರವೂ ತೆರೆಯುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಿಕ್ಕಿತು. ಈ ಬಾಗಿಲು ನಮಗೂ ಇದೆ, ಇಲಿಗೂ ಇದೆ. ಹಕ್ಕಿಗಳಲ್ಲಿ ಅದು ಖಾರಕ್ಕೆ ತೆರೆಯುವುದಿಲ್ಲ. ಗಿಳಿ ಆರಾಮಾಗಿ ಮೆಣಸಿನಕಾಯಿ ತಿನ್ನುವುದು ಅದಕ್ಕೇ. ಹಾಗಂತ ಅಡುಗೆಮನೆಯ ಖಾರದ ಪುಡಿ ತಂದು ಬೈಕಿಗೆ ಉದುರಿಸಬೇಡಿ. ಅದು ಮೊದಲು ಹೋಗುವುದು ನಿಮ್ಮ ಕಣ್ಣಿಗೆ.

ಕೆಲಸ ಮಾಡುವುದು ಸಂದು ಮುಚ್ಚುವುದು. ಗಾಳಿ ಎಳೆಯುವ ಬಾಯಿ ಸಾಮಾನ್ಯವಾಗಿ ಸೀಟಿನ ಕೆಳಗೆ ಇರುತ್ತದೆ. ಅದಕ್ಕೂ ಸೈಲೆನ್ಸರ್ ತುದಿಗೂ ಪಾತ್ರೆ ತಿಕ್ಕುವ ಸ್ಟೀಲ್ ಘಾಸಣಿ ತುರುಕಿ. ಹಲ್ಲಿಗೆ ಅದು ಹಿತವಲ್ಲ, ಗಾಳಿಯೂ ಆಡುತ್ತದೆ. ಸಾದಾ ಕಬ್ಬಿಣದ ಉಣ್ಣೆ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ, ಆ ಪುಡಿ ಎಂಜಿನ್‌ಗೆ ಹೋದರೆ ಕಷ್ಟ. ಸ್ಟೇನ್‌ಲೆಸ್ ಆಗಿರಲಿ.

ಇನ್ನು ನುಸಿಗುಳಿಗೆ. ಇಲಿ ಓಡಬೇಕಾದಷ್ಟು ಇಟ್ಟರೆ ಅದರ ಆವಿ ಮಕ್ಕಳಿಗೇ ಕೆಟ್ಟದ್ದು. ಕಿವಿಗೆ ಕೇಳದ ಸದ್ದು ಮಾಡುವ ಯಂತ್ರಕ್ಕೆ ಇಲಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಆ ಸದ್ದು ಸೀಟು, ಕವರ್ ದಾಟಿ ಒಳಗೆ ಹೋಗುವುದೂ ಕಡಿಮೆ.

ಅದಕ್ಕಿಂತ ಒಬ್ಬ ಮನುಷ್ಯ ವಾರಕ್ಕೊಮ್ಮೆ ಬೈಕ್ ಮುಟ್ಟುವುದು ಮೇಲು. ಈ ವರ್ಷ ನಾನು ಊರಿಗೆ ಹೋದಾಗ ನಮ್ಮ ವಾಚ್‌ಮನ್ ಕಾಕಾ ಪ್ರತಿ ರವಿವಾರ ಸೀಟು ಎತ್ತಿ ನೋಡಿ, ಬೈಕನ್ನು ನಾಲ್ಕು ಹೆಜ್ಜೆ ತಳ್ಳಿ ನಿಲ್ಲಿಸುತ್ತಿದ್ದರು.

ಕವರ್ ತೆಗೆದ ದಿನ ಮೊದಲೇ ಸ್ಟಾರ್ಟ್ ಮಾಡಲು ಹೋಗಬೇಡಿ. ಫಿಲ್ಟರ್ ಡಬ್ಬಿ ಬಿಚ್ಚಿ, ಸೈಲೆನ್ಸರ್ ಸುತ್ತಮುತ್ತ ನೋಡಿ, ಯಾಕಂದರೆ ಒಣ ಗೂಡು ಬಿಸಿ ಲೋಹಕ್ಕೆ ತಗುಲಿದರೆ ಬೆಂಕಿ. ಗೂಡು ಸಿಕ್ಕರೆ ಬರಿಗೈಯಲ್ಲಿ ಎಳೆಯಬೇಡಿ. ಇಲಿಯ ಉಚ್ಚೆಯಿಂದ ಇಲಿಜ್ವರ ಹರಡುತ್ತದೆ. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ಆ ರೋಗಾಣು ಒಣಗಿದರೆ ಸಾಯುತ್ತದೆ, ಒದ್ದೆಯಲ್ಲಿ ಬದುಕುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬೈ ಇದನ್ನು ಕಂಡಿದೆ. ರಬ್ಬರ್ ಗ್ಲೌಸ್ ಹಾಕಿ, ಬ್ಲೀಚ್ ನೀರು ಚಿಮುಕಿಸಿ, ಆಮೇಲೆ ತೆಗೆಯಿರಿ. ಘಾಸಣಿ ತೆಗೆಯುವುದು ಮರೆಯಬಾರದು ಅಂತ ನಾನು ಕೀಲಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿಟ್ಟಿದ್ದೇನೆ.